ನರ್ಸಬಾಯಿಗೆ ತಂದ ಮಗ್ಗು

"ಚಾದ ಮಾತು ಕೇಳಾಕತ್ತೀಯೇನವ್ವಾ? ಹಂಗಾದ್ರ ಕುಂದರು, ಹೇಳ್ತೇನಿ. ಹಗಲಾಗಲಿ ರಾತ್ರಿಯಾಗಲಿ, ಬ್ಯಾನಿ ಸುರು ಆತು ಅಂದ್ರ ನನ್ನ ಕರೀಲಾಕ ಆಳು ಓಡಿ ಬರ್ತಿದ್ದ. ಆವಾಗ ನಾನು ದೇವರು. 'ಬರ್ರಿ ನರ್ಸಬಾಯಿ, ನಿಮ್ಮ ದಾರೀನ ಕಾಯಾಕತ್ತೇವಿ' ಅಂತ ಒಳಗಿನ ಖೋಲಿತನಕ ಕೈ ಹಿಡದು ಒಯ್ತಿದ್ರು. ಕೂಸು ಅತ್ತಿತು, ಹೊಕ್ಕಳಬಳ್ಳಿ ಕತ್ತರಿಸಿದೆ, ತಾಯಿಗಿ ಬೆಚ್ಚಗ ಹೊಚ್ಚಿದೆ. ಅಲ್ಲಿಗಿ ನನ್ನ ದೇವರತನ ಮುಗೀತು. ಕೈಕಾಲು ತೊಳಕೊಂಡು ಪಡಸಾಲಿಗಿ ಬಂದ್ರ ಯಾರೂ ಸನೇಕ ಬರ್ತಿದ್ದಿಲ್ಲ. ದನ ಕಟ್ಟೋ ಕಡಿ ಗ್ವಾಡ್ಯಾಗ ಗೂಡಿನಂಥ ಒಂದು ಮಾಡ ಇರ್ತದಲ್ಲ, ಅದರಾಗಿನ ಕಪ್ಪು ತಗೀತಿದ್ರು. ಕಿವಿ ಮುರದದ್ದು, ಇಲ್ಲಾಂದ್ರ ಸೀಳು ಬಿಟ್ಟದ್ದು. ಮ್ಯಾಲಿಂದ ಚಾ ಹೊಯ್ತಿದ್ರು. ಕುಡದು, ನಾನೇ ತೊಳದು, ತಿರಗಿ ಅದೇ ಮಾಡದಾಗ ಬೋರಲ ಹಾಕಬೇಕು. ಮುಂದಿನ ಹೆರಿಗಿತನಕ ಅದರಾಗ ಜ್ಯಾಡ ಬಲಿ ಕಟ್ತಿತ್ತು. ನಾನೂ ನಿಮ್ಮಂಗ ಕೊಳ್ಳಾಗ ಲಿಂಗ ಕಟ್ಕೊಂಡಾಕಿ. ನಮ್ಮಾಗ ಸೂತಕ ಇಲ್ಲ ಅಂತ ನಮ್ಮ ಮಂದೀನ ಹೇಳ್ತದ. ಖರೇ, ಆ ಕಪ್ಪಿಗಿ ಸೂತಕ ಇತ್ತು ನೋಡವ್ವಾ. ಎಲ್ಲಾ ಓಣಿಗೂ ಹೋಗಿ ಬಂದ ಕೈ ಇದು, ಎಲ್ಲಾರ ರಕ್ತ ಮುಟ್ಟಿದ ಕೈ. ಒಂದಷ್ಟು ವರ್ಷ ಸುಮ್ಮನ ಕುಡದೆ. ಆಮ್ಯಾಗ ಕಲಬುರ್ಗಿ ಬಜಾರಾಗ ಒಂದು ಮಗ್ಗು ತಗೊಂಡು ಚೀಲದಾಗ ಇಟ್ಕೊಂಡೆ. 'ಚಾ ಇದರಾಗ ಹಾಕ್ರಿ' ಅಂದೆ. ಎಲ್ಲಾರೂ ಖುಷ್. ನರ್ಸಬಾಯಿ ಭಾಳ ಸ್ವಚ್ಛ ಅದಾರ, ತಮ್ಮ ಮಗ್ಗು ತಾವೇ ತರ್ತಾರ ಅಂದ್ರು. ನಾ ಸ್ವಚ್ಛಕ್ಕ ತರ್ತಿದ್ದಿಲ್ಲ. ಆ ಮಾಡದ ಕಡಿ ನೋಡೋದು ನನಗ ಬ್ಯಾಡಾಗಿತ್ತು."

ಸುಭದ್ರಾಬಾಯಿ ಇದನ್ನು ಹೇಳಿದ್ದು ನೌಕರಿ ಮುಗಿದ ದಿನದ ಸಂಜೆ. ಅದಕ್ಕೂ ಮೊದಲು ಯಾರಿಗೂ ಹೇಳಿದವರಲ್ಲ. ಒಂದು ವಾರ ಮೊದಲು ಹೇಳಿದ್ದರೆ ನಮ್ಮೂರ ಸೊಸೆ ಪ್ರಮಿಲಾ ಅಫಜಲಪುರಕ್ಕೆ ಹೋಗಿ ಅವರಿಗಾಗಿ ಇನ್ನೊಂದು ಮಗ್ಗು ತರುತ್ತಿರಲಿಲ್ಲ.

ಸುಭದ್ರಾಬಾಯಿಯ ತವರು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡರು. ಏಳನೆಯ ಇಯತ್ತೆ ಓದಿದ್ದರಿಂದ ಅಣ್ಣ ಕಲಬುರ್ಗಿಗೆ ಕರೆದೊಯ್ದು ಸೂಲಗಿತ್ತಿ ತರಬೇತಿಗೆ ಸೇರಿಸಿದ. ಮೊದಲ ನೌಕರಿ ಜೇವರ್ಗಿ ಕಡೆಯ ಹಳ್ಳಿಗಳಲ್ಲಿ. ಅಲ್ಲಿ ಮಳೆ ಬಿದ್ದರೆ ಕರಿಮಣ್ಣು ಕಾಲಿಗೆ ಹತ್ತಿ ಚಪ್ಪಲಿ ಬಿಟ್ಟೇ ನಡೆಯಬೇಕಿತ್ತಂತೆ. ಆಮೇಲೆ ನಮ್ಮ ಮಣ್ಣೂರಿಗೆ ಬಂದರು. ಭೀಮಾ ನದಿ ತುಂಬಿದಾಗ ಹರಗೋಲಿನಲ್ಲಿ ಕೂತು, ಚೀಲವನ್ನು ತಲೆಯ ಮೇಲೆ ಹಿಡಿದು ಆಚೆ ದಂಡೆಗೆ ಹೋಗಿ ಹೆರಿಗೆ ಮಾಡಿಸಿ ಬಂದದ್ದನ್ನು ಊರೆಲ್ಲ ಕಂಡಿದೆ. ಎತ್ತರದ ಆಳು, ಮಾತು ಕಡಿಮೆ. ನಗು ಬಂದರೂ ತುಟಿಯ ಒಂದೇ ಕಡೆ ನಗುತ್ತಿದ್ದರು. ಅವರು ಹಿಡಿದ ಕೂಸುಗಳೇ ದೊಡ್ಡವರಾಗಿ ತಮ್ಮ ಹೆಂಡತಿಯರನ್ನು ಗಾಡಿಯಲ್ಲಿ ಅವರ ಬಾಗಿಲಿಗೆ ಕರೆತಂದದ್ದುಂಟು.

ಎಂಬತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಅವರ ನೌಕರಿ ಮುಗಿಯುವುದಿತ್ತು. ಪಂಚಾಯತಿಯವರು ಶಾಲು ಹೊದಿಸುವುದೆಂದು ಠರಾಯಿಸಿದರು. ಹೆಂಗಸರು ಬೇರೆಯಾಗಿ ಏನಾದರೂ ಕೊಡಬೇಕೆಂದು ಪಂಚಾಯತಿಯ ಹಿರಿಯ ದೌಲತರಾಯರ ಸೊಸೆ ಪ್ರಮಿಲಾ ಹೊರಟಳು. ಅವಳ ಮೂರು ಮಕ್ಕಳನ್ನೂ ಸುಭದ್ರಾಬಾಯಿಯೇ ಹಿಡಿದದ್ದು. ಎರಡನೆಯದು ಅಡ್ಡ ತಿರುಗಿದಾಗ ತಾಯಿ ಮಗು ಇಬ್ಬರೂ ಉಳಿದದ್ದು ಆ ಕೈಯಿಂದಲೇ. ಪ್ರಮಿಲಾಳ ಮನಸ್ಸಿನಲ್ಲಿ ಅದು ಕೂತುಬಿಟ್ಟಿತ್ತು.

"ಬೆಳ್ಳಿ ದೀಪದ ಸಮೆ ಕೊಡ್ರಿ" ಎಂದಳು ಅವಳ ಅತ್ತೆ ಶಿವಕಾಂತಾಬಾಯಿ. "ದೌಲತರಾಯರ ಮನಿಯಿಂದ ಬಂದದ್ದು ಅಂತ ನಾಕ ಮಂದಿ ನೋಡಬೇಕು."

"ನಾಕ ಮಂದಿ ನೋಡಿದ ಮ್ಯಾಲ ಅದು ಟ್ರಂಕಿನಾಗ ಕುಂದರತದತ್ತಿ" ಎಂದಳು ಪ್ರಮಿಲಾ. "ದಿನಾ ಕೈಗಿ ಬರೋದು ಕೊಡೋಣು. ಸೂಜಿ ಹಾಕಿಸಾಕ ಹೋದಾಗ ನೋಡೇನಿ, ಅವರ ಮಗ್ಗಿನ ಅಂಚು ಕಿತ್ತು ತುಕ್ಕು ಹಿಡದದ. ಕಿವಿ ಸುಡ್ತದ ಅಂತ ಸೆರಗ ಸುತ್ತಿ ಹಿಡೀತಾರ."

"ಮಗ್ಗೇನಬೇ? ಮಗ್ಗು!" ಎಂದು ಅತ್ತೆ ಕೈ ತಿರುಗಿಸಿದಳು. "ಬಚ್ಚಲದ್ದೋ ಕುಡಿಯೋದೋ?"

ಅಫಜಲಪುರದಲ್ಲಿ ಪ್ರಮಿಲಾ, ನಾನು ಇಬ್ಬರೂ ಚಮನಸಾಬನ ಅಂಗಡಿಗೆ ಹೋದೆವು. ನನಗೆ ಹಿಟ್ಟಿನ ಜರಡಿ ಬೇಕಿತ್ತು, ಅದಕ್ಕೆ ಜೊತೆಯಾದೆ. ಚಮನಸಾಬ ಮೊದಲು ಗೋಡೆ ಗಡಿಯಾರ ಇಳಿಸಿದ.

"ರಿಟೈರ್ ಆಗೋರಿಗಿ ಎಲ್ಲಾರೂ ಇದೇ ಒಯ್ತಾರ ನೋಡ್ರಿ ಬಾಯಿ."

"ಅವರಿಗಿ ಗಡಿಯಾರ ಯಾಕಣ್ಣಾ? ಜೀವಮಾನ ಪೂರಾ ಕೂಸು ಹುಟ್ಟಿದ ವ್ಯಾಳ್ಯಾ ನೋಡಿಕೋತ ಬಂದಾರ. ಇನ್ನರ ನೋಡದಂಗ ಕುಂದರಲಿ. ಚಾ ಕುಡಿಯೋ ಮಗ್ಗು ತೋರಸ್ರಿ."

ಸ್ಟೀಲಿನದು ಬಂತು. ತುಟಿ ಸುಡುತ್ತದೆಂದು ಪ್ರಮಿಲಾ ಬದಿಗಿಟ್ಟಳು. ಗಾಜಿನದು ಬಂತು. ಬಿಸಿ ಹಾಕಿದರೆ ಸೀಳುತ್ತದೆಂದಳು. ಗುಲಾಬಿ ಹೂವಿನ ಚಿತ್ರವಿದ್ದ ತೆಳ್ಳನೆಯದನ್ನು ಮುಟ್ಟಲೂ ಇಲ್ಲ. ಕೊನೆಗೆ ಚಮನಸಾಬ ಹುಲ್ಲು ತುಂಬಿದ ಪೆಟ್ಟಿಗೆಯಿಂದ ಕಂದು ಬಣ್ಣದ ಪಿಂಗಾಣಿಯದೊಂದನ್ನು ತೆಗೆದ. ದಪ್ಪ ತಳ, ದೊಡ್ಡ ಕಿವಿ.

"ಸೋಲಾಪುರದ ಮಾಲು. ಇದಕ್ಕ ಕಾಫಿ ಮಗ್ ಅಂತಾರ."

"ನಮ್ಮ ಕಡಿ ಕಾಫಿ ಯಾರ ಕುಡೀತಾರಣ್ಣಾ?"

"ಚಾ ಹಾಕಿದ್ರ ಅದು ಕೋರ್ಟಿಗಿ ಹೋಗಂಗಿಲ್ಲ, ತಗೋರಿ."

ಪ್ರಮಿಲಾ ಅದರ ಕಿವಿಯಲ್ಲಿ ನಾಲ್ಕೂ ಬೆರಳು ತೂರಿಸಿದಳು. ಸುಭದ್ರಾಬಾಯಿಯ ಬೆರಳು ತನಗಿಂತ ದಪ್ಪವೆಂದು ನನ್ನ ಬೆರಳನ್ನೂ ತೂರಿಸಿ ನೋಡಿದಳು. ಅಂಗಡಿಯ ಮೆಟ್ಟಿಲಿನ ಸೊಟ್ಟ ಕಲ್ಲಿನ ಮೇಲಿಟ್ಟು ಅಲುಗಾಡಿಸಿದಳು, ಅಲುಗಲಿಲ್ಲ. ಪಕ್ಕದ ಹೋಟೆಲಿನಿಂದ ಬಿಸಿನೀರು ತರಿಸಿ ಹಾಕಿ, ಕಿವಿ ಮುಟ್ಟಿಕೊಂಡು ಸುಮ್ಮನೆ ನಿಂತಳು.

"ಸೊಸಿ ನೋಡಾಕ ಬಂದವರೂ ಇಷ್ಟು ನೋಡಂಗಿಲ್ಲರಿ" ಎಂದ ಚಮನಸಾಬ.

"ಸೊಸಿ ಸುಟ್ಟರ ಗಂಡ ನೋಡ್ಕೋತಾನ. ಇದು ಸುಟ್ಟರ ನರ್ಸಬಾಯಿ ಕೈಗಿ ಯಾರ ದಿಕ್ಕು?" ಎಂದು ನಕ್ಕಳು. ಕಿವಿ ಸುಡಲಿಲ್ಲ. ಬಸ್ಸಿನಲ್ಲಿ ಊರು ಬರುವ ತನಕ ಮಗ್ಗನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ಯಾರೋ ಬುಟ್ಟಿ ತಂದು ಅವಳ ಮೇಲೆ ವಾಲಿದರೆ ಮೊಣಕೈಯಿಂದ ತಳ್ಳಿದಳು.

ನೌಕರಿ ಮುಗಿದ ದಿನ ದವಾಖಾನೆಯ ಅಂಗಳದಲ್ಲಿ ಚಾಪೆ ಹಾಸಿದ್ದರು. ದೌಲತರಾಯರು ಶಾಲು ಹೊದಿಸಿ, ಹಾರ ಹಾಕಿ, ನರ್ಸಬಾಯಿ ಊರಿಗೇ ತಾಯಿಯಿದ್ದಂತೆ ಎಂದು ಮಾತಾಡಿದರು. ಗಂಡಸರು ಎದ್ದುಹೋದ ಮೇಲೆ ಪ್ರಮಿಲಾ ಮುಂದೆ ಬಂದಳು. ಕಾಗದ ಬಿಚ್ಚಿ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಇದು ನಿಮ್ಮದೇರಿ ನರ್ಸಬಾಯಿ. ನಿಮಗಂತನೇ ತಂದೇವಿ. ಇದಕ್ಕ ಬ್ಯಾರೆ ಯಾರೂ ಬಾಯಿ ಹಚ್ಚಂಗಿಲ್ಲ."

ಸುಭದ್ರಾಬಾಯಿ ಅದನ್ನು ತಿರುಗಿಸಿ ನೋಡಿದರು. ಒಳಗೆ ನೋಡಿದರು. ಮೆಲ್ಲಗೆ ಎದ್ದು ಹೋಗಿ ಮಗ್ಗನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ಛಲೋ ಅದವ್ವಾ. ಖರೇ, ನನಗ ನಕೋ."

ಅಷ್ಟೇ. ಒಳಗೆ ಹೋಗಿ ಟ್ರಂಕಿಗೆ ಬಟ್ಟೆ ತುಂಬತೊಡಗಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೊಟ್ಟದ್ದು ಸಣ್ಣದಾಯಿತೆಂದು ಒಬ್ಬಳು, ನರ್ಸಬಾಯಿಗೆ ಜಂಬ ಬಂತೆಂದು ಇನ್ನೊಬ್ಬಳು. ಶಿವಕಾಂತಾಬಾಯಿ ದಾರಿಯುದ್ದಕ್ಕೂ ಬಿಡಲಿಲ್ಲ. "ಕಾಫಿ ಡಬ್ಬಿ ಕೊಟ್ಟು ಮನಿ ಮರ್ಯಾದಿ ಕಳದಿ. ಸಮೆ ಕೊಡು ಅಂದ್ರ ಕೇಳಿದಿಯೇನಬೇ?"

ಪ್ರಮಿಲಾಳಿಗೆ ಮರ್ಯಾದೆಯ ಚಿಂತೆ ಇರಲಿಲ್ಲ. ಮರುದಿನ ಮಧ್ಯಾಹ್ನದ ಬಸ್ಸಿಗೆ ಸುಭದ್ರಾಬಾಯಿ ಕಿಣ್ಣಿ ಸುಲ್ತಾನದ ತಂಗಿಯ ಮನೆಗೆ ಹೋಗುವವರು. ಹೋದರೆ ಮತ್ತೆ ಬರುವುದು ಎಲ್ಲಿ? ತನ್ನ ಮಗನನ್ನು ಉಳಿಸಿಕೊಟ್ಟವರು ತನ್ನ ಮೇಲೆ ನೋವಿಟ್ಟುಕೊಂಡು ಊರು ಬಿಡುತ್ತಾರೆ ಎಂಬುದು ಅವಳಿಗೆ ತಡೆಯಲಾಗಲಿಲ್ಲ. ಸಂಜೆ ಆ ಮಗ್ಗನ್ನೇ ಸೆರಗಿನ ಕೆಳಗೆ ಹಿಡಿದುಕೊಂಡು ಬಂದಳು. ದವಾಖಾನೆಗೆ ಹೊಂದಿಕೊಂಡೇ ನಮ್ಮ ಮನೆ. ನಾನೂ ಸುಭದ್ರಾಬಾಯಿಯೂ ಕಟ್ಟೆಯ ಮೇಲೆ ಕೂತಿದ್ದೆವು, ನನ್ನ ಮುಂದೆ ಮೊರದಲ್ಲಿ ಜೋಳವಿತ್ತು.

"ಬೈರಿ, ಬಡೀರಿ. ಖರೇ, ಯಾಕ ಒಲ್ಲೆ ಅಂದ್ರಿ ಅದನ್ನ ಹೇಳ್ರಿ" ಎಂದಳು. "ಚಾ ಕುಡಿಯೋ ಮಗ್ಗು ಕೊಟ್ಟಿದ್ದು ತಪ್ಪಾತೇನ್ರಿ?"

ಆಗ ಸುಭದ್ರಾಬಾಯಿ ಹೇಳಿದ ಮಾತೇ ನಾನು ಮೊದಲಿಗೆ ಬರೆದದ್ದು. ನನ್ನ ಕೈ ಮೊರದಲ್ಲೇ ನಿಂತಿತ್ತು.

ಪ್ರಮಿಲಾ ಮಗ್ಗನ್ನು ಕಟ್ಟೆಯ ಮೇಲಿಟ್ಟು ಕೇಳಿದಳು. "ನಮ್ಮನ್ಯಾಗೂ?"

"ನಿಮ್ಮನ್ಯಾಗೂ. ಹಸರ ಗೆರಿ ಇದ್ದ ಕಪ್ಪು. ಕಿವಿ ಇದ್ದಿದ್ದಿಲ್ಲ."

ಆ ಕಪ್ಪನ್ನು ಪ್ರಮಿಲಾ ದಿನಾ ನೋಡುತ್ತಿದ್ದಳು. ದನದ ಕಡೆಯ ಮಾಡದಲ್ಲಿ ಬೋರಲು ಬಿದ್ದಿರುತ್ತಿತ್ತು.

"ಕರಕ್ಕ ಔಷಧ ಕುಡಿಸೋದು ಅಂತ ತಿಳಕೊಂಡಿದ್ದೆನ್ರಿ" ಎಂದಳು. "ನಾ ಒಳಗಿನ ಖೋಲ್ಯಾಗ ಮಲಗಿರ್ತಿದ್ದೆ. ಹೊರಗ ನಿಮಗ ಚಾ ಯಾತರಾಗ ಕೊಟ್ರು ಅಂತ ನನಗೆಲ್ಲಿ ಗೊತ್ತು?"

"ನಿನಗ ಗೊತ್ತಿಲ್ಲ ಅಂತ ನನಗ ಗೊತ್ತು. ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ. ಖರೇ, ಹೋಗೋ ದಿನಾನೂ ನನ್ನ ಕೈಯಾಗ ಬ್ಯಾರೆ ಭಾಂಡೆ ಇಟ್ರಿ. ಯಾರೂ ಬಾಯಿ ಹಚ್ಚಂಗಿಲ್ಲ ಅಂದಿ. ಆ ಹೊತ್ತಿನ್ಯಾಗ ನನಗ ಅದು ಮಗ್ಗಾಗಿ ಕಾಣಲಿಲ್ಲ, ಆ ಮಾಡ ಕಂಡಿತು."

ಪ್ರಮಿಲಾ ಕಣ್ಣೊರೆಸಿಕೊಂಡು ಎದ್ದಳು. "ನಾಳಿಗಿ ಮುಂಜಾನಿ ಮನಿಗಿ ಬರ್ರಿ. ಹೆರಿಗಿ ಇಲ್ಲ, ಸೂಜಿ ಇಲ್ಲ. ಬರೇ ಚಾಕ್ಕ."

"ನಿಮ್ಮತ್ತಿ?"

"ಬರ್ರಿ ನೀವು."

ಬೆಳಿಗ್ಗೆ ಸುಭದ್ರಾಬಾಯಿ ನನ್ನ ಬಾಗಿಲಿಗೆ ಬಂದು ನಿಂತರು. ಒಬ್ಬರೇ ಹೋಗಲು ಕಾಲು ಬರುತ್ತಿಲ್ಲ, ನೀನೂ ಬಾ ಎಂದರು. ನದಿ ತುಂಬಿದಾಗ ಹರಗೋಲು ಹತ್ತಿದ ಹೆಂಗಸು! ಹೆಗಲಿಗೆ ಹಳೆಯ ಚೀಲವಿರಲಿಲ್ಲ. ಎರಡೂ ಕೈ ಏನು ಮಾಡಬೇಕೆಂದು ತಿಳಿಯದೆ ಸೆರಗನ್ನು ಹಿಡಿದುಕೊಂಡಿದ್ದವು.

ದೌಲತರಾಯರ ಮನೆಯಲ್ಲಿ ಅವರು ರೂಢಿಯಂತೆ ಪಡಸಾಲೆಯಲ್ಲೇ ಕೂರಲು ಹೋದರು. ಪ್ರಮಿಲಾ ಕೈ ಹಿಡಿದು ಅಡುಗೆಮನೆಯೊಳಗೆ ಕರೆದೊಯ್ದು ಮಣೆ ಹಾಕಿದಳು. ಶಿವಕಾಂತಾಬಾಯಿ ಒಲೆಯ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಬರ್ರಿ" ಎಂದಳು, ಸುಲಿಯುವುದನ್ನು ನಿಲ್ಲಿಸಲಿಲ್ಲ.

ಪ್ರಮಿಲಾ ಗೋಡೆಯ ಹಲಗೆಯಿಂದ ಮನೆಯವರು ಕುಡಿಯುವ ಕಪ್ಪು ಬಶಿಗಳನ್ನೇ ಇಳಿಸಿದಳು. ಸುಭದ್ರಾಬಾಯಿಗೆ ಒಂದು, ನನಗೊಂದು, ತನಗೊಂದು. ಕೊನೆಗೆ ಆ ಕಂದು ಮಗ್ಗನ್ನು ತೆಗೆದು, ಅದರ ತುಂಬ ಚಹ ಸೋಸಿ, ಅತ್ತೆಯ ಮುಂದಿಟ್ಟಳು.

"ಇದೇನಬೇ? ಅವರಿಗಿ ಕೊಟ್ಟ ಮಗ್ಗು ನನಗ್ಯಾಕ?"

"ಅವರು ನಕೋ ಅಂದಾರತ್ತಿ. ನೀವು ಕುಡೀರಿ."

ಶಿವಕಾಂತಾಬಾಯಿ ಸೊಸೆಯ ಮುಖ ನೋಡಿದಳು. ಆಮೇಲೆ ಸುಭದ್ರಾಬಾಯಿಯ ಕೈಯಲ್ಲಿದ್ದ ಮನೆಯ ಕಪ್ಪು ನೋಡಿದಳು. ಅಡುಗೆಮನೆಯ ಬಾಗಿಲಿನಿಂದ ದನದ ಕಡೆಯ ಗೋಡೆ ನೇರ ಕಾಣುತ್ತದೆ. ಅತ್ತ ಒಮ್ಮೆ ನೋಡಿದಳು. ಸುಭದ್ರಾಬಾಯಿ ಕಪ್ಪನ್ನು ಹಿಡಿದೇ ಕೂತಿದ್ದರು, ಕುಡಿದಿರಲಿಲ್ಲ. ಬೆಳ್ಳುಳ್ಳಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುದುಕಿ ಮಗ್ಗನ್ನು ಎತ್ತಿದಳು. ಒಂದು ಗುಟುಕು. ಮತ್ತೊಂದು.

"ಕೈ ಸುಡಂಗಿಲ್ಲ ಬಿಡು ಇದು" ಎಂದಳು.

ಆಗ ಸುಭದ್ರಾಬಾಯಿ ಬಶಿಗೆ ಚಹ ಸುರಿದುಕೊಂಡು ಊದಿ ಊದಿ ಕುಡಿದರು. ಅವರು ಬಶಿಯಲ್ಲಿ ಕುಡಿದದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಮಗ್ಗಿಗೆ ಬಶಿ ಇರುವುದಿಲ್ಲವಲ್ಲ.

ಕುಡಿದಾದ ಮೇಲೆ ಕಪ್ಪು ಬಶಿ ಹಿಡಿದು ಬಚ್ಚಲ ಕಡೆಗೆ ಎದ್ದರು. ಅದು ಕೈಯ ರೂಢಿ.

"ಇಡ್ರಿ ಅಲ್ಲೇ" ಎಂದಳು ಶಿವಕಾಂತಾಬಾಯಿ. "ಮನಿಗಿ ಬಂದವರು ಕಪ್ಪು ತೊಳೀತಾರೇನು?" ಬೆಳ್ಳುಳ್ಳಿ ಸಿಪ್ಪೆಯನ್ನು ಕೈಯಿಂದ ಒಟ್ಟುಮಾಡುತ್ತ ಹೇಳಿದಳು. "ಇಷ್ಟು ವರ್ಷ ತೊಳದ್ರಿ. ನಾ ನೋಡಿಕೋತ ಕುಂತೆ."

ಇರಲಿ ಬಿಡ್ರಿ ಎಂದು ಸುಭದ್ರಾಬಾಯಿ ಅನ್ನಲಿಲ್ಲ. ಕಪ್ಪು ಬಶಿಯನ್ನು ನೆಲದ ಮೇಲಿಟ್ಟರು. ಪ್ರಮಿಲಾ ಕಡೆ ತಿರುಗಿ, "ಆ ಮಗ್ಗು ಕೊಡವ್ವಾ, ಒಯ್ತೇನಿ" ಎಂದರು.

"ಅತ್ತಿ ಕುಡದಾರ್ರಿ. ಎಂಜಲ ಆಗ್ಯದ. ನಿಮಗ ಬ್ಯಾರೇದು..."

"ಬ್ಯಾರೇದು ಬ್ಯಾಡ. ಇದೇ ಕೊಡು."

"ತೊಳದರ ಕೊಡ್ತೇನ್ರಿ."

"ತೊಳಿ. ಎಲ್ಲಾ ಕೂಡೇ ತೊಳಿ. ಬಸ್ಸಿಗಿ ಇನ್ನಾ ವ್ಯಾಳ್ಯಾ ಅದ."

ಪ್ರಮಿಲಾ ಮೂರು ಕಪ್ಪು, ಮೂರು ಬಶಿ, ಆ ಮಗ್ಗು ಎಲ್ಲವನ್ನೂ ಒಂದೇ ಪರಾತದಲ್ಲಿಟ್ಟುಕೊಂಡು ಬಚ್ಚಲಿಗೆ ಹೋದಳು. ಕುಕ್ಕರುಗಾಲಲ್ಲಿ ಕೂತು ಒಲೆಯ ಬೂದಿ ಹಚ್ಚಿ ತಿಕ್ಕಿದಳು. ಶಿವಕಾಂತಾಬಾಯಿ ಮೊಣಕಾಲು ಹಿಡಿದುಕೊಂಡು ಎದ್ದು ಬಂದು, ಹಂಡೆಯಿಂದ ಚೊಂಬಿನಲ್ಲಿ ನೀರು ತೆಗೆದು, ಬಾಗಿ ಒಂದೊಂದರ ಮೇಲೂ ಹಾಕತೊಡಗಿದಳು.