ತಾರ್ನಾಕದ ಲೋಕಾಟ್ ಮತ್ತು ಎರಡು ಸಾಲಿನ ತಿದ್ದುಪಡಿ

ತೆಲಂಗಾಣ ಪ್ರತ್ಯೇಕ ರಾಜ್ಯವಾದ ಮರುವರ್ಷ ನಾನು ಹೈದರಾಬಾದಿನ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ಹಿರಿಯ ಉಪಸಂಪಾದಕನಾಗಿದ್ದೆ. ನಗರ ಪುಟಗಳ ಜೊತೆಗೆ ಭಾನುವಾರದ ಮನೆತೋಟದ ಅಂಕಣವೂ ನನ್ನ ಪಾಲಿಗಿತ್ತು. ಜೂನ್‌ನಲ್ಲಿ ಓದುಗರೊಬ್ಬರು ಲೋಕಾಟ್ ಬಗ್ಗೆ ಕೇಳಿದರು. ಗರಗಸದಂಚಿನ ಅಗಲ ಎಲೆಯ, ಹಳದಿ ಹಣ್ಣಿನ ಮರ ಅದು. ಬೆಂಗಳೂರಿನ ಹಳೆಯ ಹಿತ್ತಿಲುಗಳಲ್ಲಿ ಇಂದಿಗೂ ಕಾಣುತ್ತದೆ. ತಜ್ಞರೊಬ್ಬರಿಗೆ ಫೋನ್ ಮಾಡಿ ಬರೆದೆ: ‘ಹೈದರಾಬಾದಿನ ಬಿಸಿಲಿನಲ್ಲಿ ಲೋಕಾಟ್ ಬೆಳೆಯುತ್ತದೆ, ಹಣ್ಣು ಬಿಡುವುದಿಲ್ಲ.’ ಯಾವ ಸಂಗತಿಗೂ ಎರಡು ಆಧಾರ ಬೇಕೆಂಬುದು ನಮ್ಮ ಸುದ್ದಿಮನೆಯ ನಿಯಮ. ಗಿಡಮರದ ವಿಷಯಕ್ಕೆ ಒಂದು ಸಾಕೆಂದುಕೊಂಡಿದ್ದೆ.

ಆಗಸ್ಟ್‌ನಲ್ಲಿ ಇಂದಿರಾಬಾಯಿ ಎಂಬುವರು ಕಚೇರಿಗೆ ಬಂದರು. ರಾಯಚೂರು ಕಡೆಯವರು. ರಕ್ಷಣಾ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಿಂದ ನಿವೃತ್ತರಾಗಿ ನಗರದ ತಾರ್ನಾಕ ಬಡಾವಣೆಯ ಅಪಾರ್ಟ್‌ಮೆಂಟೊಂದರ ನೆಲಮಹಡಿಯಲ್ಲಿದ್ದರು. ನಾನು ಕನ್ನಡದವನೆಂದು ಕೆಳಗೆ ರಿಸೆಪ್ಷನ್‌ನಲ್ಲೇ ವಿಚಾರಿಸಿಕೊಂಡಿದ್ದರು. ಅಂಕಣದ ಜೆರಾಕ್ಸ್ ಪ್ರತಿಯನ್ನು ಮೇಜಿನ ಮೇಲಿಟ್ಟರು.

“ಇದನ್ನ ಬರದವರು ನೀವ ಏನ್ರಿ?”

“ಹೌದ್ರಿ.”

“ನನ್ನ ಗಿಡ ನೋಡೀರೇನು?”

“ಇಲ್ರಿ.”

“ನಾವು ಅಳತಿ ಹಿಡೀಲಾರದ ಒಂದು ಬೋಲ್ಟೂ ಪಾಸ್ ಮಾಡತಿದ್ದಿಲ್ಲ. ನೀವು ನೋಡಲಾರದ ನನ್ನ ಗಿಡಾನ ಫೇಲ್ ಮಾಡೀರಲ್ಲ.”

ವಿಷಯ ಇಷ್ಟು. ಆವರಣದಲ್ಲಿ ಅವರು ಬೆಳೆಸಿದ್ದ ಲೋಕಾಟ್ ಮರದ ಜಾಗ ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ ಪಾರ್ಕಿಂಗ್‌ಗೆ ಬೇಕಿತ್ತು. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಕೋರಿದ ಅರ್ಜಿಗೆ ‘ನಿಷ್ಪ್ರಯೋಜಕ ಮರ’ ಎಂಬುದರ ಪುರಾವೆಯಾಗಿ ನನ್ನ ಅಂಕಣವನ್ನು ಲಗತ್ತಿಸಿದ್ದರು.

ಮರುದಿನ ಹೋಗಿ ನೋಡಿದೆ. ಮರ ಎರಡಾಳೆತ್ತರವಿತ್ತು. ಇಂದಿರಾಬಾಯಿ ಅದನ್ನು ಬೀಜದಿಂದ ಬೆಳೆಸಿದ್ದರು, ಒಂಬತ್ತು ವರ್ಷ ಕಾದರೂ ಹೂ ಬಂದಿರಲಿಲ್ಲ. ಬೀಜದ ಗಿಡ ಸತಾಯಿಸುತ್ತದೆ ಎಂದು ತಡವಾಗಿ ತಿಳಿದು, ಎರಡು ಮಳೆಗಾಲದ ಹಿಂದೆ ಬೆಂಗಳೂರಿನ ತಂಗಿಯ ಮನೆಯ ಫಲ ಕೊಡುವ ಮರದಿಂದ ಪೆನ್ಸಿಲ್ ದಪ್ಪದ ಐದು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಟೊಂಗೆಯನ್ನು ಕತ್ತರಿಸಿ, ಸೀಳಿ, ಬೆಣೆಯಂತೆ ಚೂಪು ಮಾಡಿದ ಕಡ್ಡಿಯನ್ನು ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಒಣಗದಂತೆ ಮೇಲೆ ಐಸ್‌ಕ್ಯಾಂಡಿ ಕವರ್ ತೊಡಿಸಿದ್ದರು. ಐದರಲ್ಲಿ ಮೂರು ಕಸಿಗಳು ಹಿಡಿದಿದ್ದವು.

“ಹಣ್ಣು ತೋರಸ್ರಿ, ತಿದ್ದುಪಡಿ ಹಾಕತೀವಿ” ಎಂದೆ.

“ಹಣ್ಣು ಬರೋತನಕ ಗಿಡ ಇರಬೇಕಲ್ಲರಿ.”

ಕಚೇರಿಗೆ ಮರಳಿ, ಈಗಲೇ ತಿದ್ದುಪಡಿ ಹಾಕೋಣವೆಂದು ಸಂಪಾದಕರನ್ನು ಕೇಳಿದೆ. “ಹಣ್ಣೇ ಬಿಟ್ಟಿಲ್ಲ, ತಪ್ಪೆಲ್ಲಿದೆ?” ಎಂದರು.

“ನಾನು ನೋಡದೆ ಬರೆದೆನಲ್ಲ, ಅದು.”

“ಹಾಗಂತ ಅಚ್ಚು ಮಾಡಿದರೆ ನಿನ್ನ ಹಳೆಯ ಅಂಕಣಗಳನ್ನೂ ಯಾರೂ ನಂಬುವುದಿಲ್ಲ.”

“ನಂಬದಿರಲಿ ಸರ್.”

ಭಾನುವಾರ ಎರಡು ಸಾಲು ಅಚ್ಚಾಯಿತು: ‘ಲೋಕಾಟ್ ಇಲ್ಲಿ ಹಣ್ಣು ಬಿಡುವುದಿಲ್ಲವೆಂದು ಜೂನ್‌ನಲ್ಲಿ ಬರೆದದ್ದು ಒಂದೇ ಫೋನ್ ಕರೆಯ ಆಧಾರದ ಮೇಲೆ. ನಗರದ ಯಾವ ಮರವನ್ನೂ ಪರಿಶೀಲಿಸಿರಲಿಲ್ಲ.’ ಮುಂದಿನ ತಿಂಗಳು ಅಂಕಣ ಬೇರೊಬ್ಬರ ಪಾಲಾಯಿತು. ಇಂದಿರಾಬಾಯಿ ಆ ತುಣುಕನ್ನು ಆಕ್ಷೇಪಣೆಗೆ ಲಗತ್ತಿಸಿ ಸಂಘದ ಮುಂದಿಟ್ಟರು. ಮಾರ್ಚ್ ಸಭೆಯವರೆಗೆ ಮರ ಮುಟ್ಟುವುದಿಲ್ಲವೆಂದು ಸಂಘ ಒಪ್ಪಿತು.

ಡಿಸೆಂಬರ್‌ನಲ್ಲಿ ಕಸಿಯ ಟೊಂಗೆಗಳು ಹೂ ಬಿಟ್ಟವು. ಕಾಯಿ ಕಚ್ಚಿದ ಗೊಂಚಲುಗಳಿಗೆ ಇಂದಿರಾಬಾಯಿ ಹಳೆಯ ಸೀರೆಯ ಚೀಲ ಹೊಲಿದು ಕಟ್ಟಿದರು. ಹಕ್ಕಿ, ಅಳಿಲುಗಳಿಂದ ಒಂಬತ್ತು ಹಣ್ಣು ಉಳಿದವು.

ಮಾರ್ಚ್ ಸಭೆಗೆ ನನ್ನನ್ನೂ ಕರೆದರು. ಪಾರ್ಕಿಂಗ್ ಜಾಗದಲ್ಲಿ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಇಂದಿರಾಬಾಯಿ ಸ್ಟೀಲ್ ತಟ್ಟೆ ಹಿಡಿದು ಬಂದರು. ಹಣ್ಣಿನ ಹೋಳುಗಳನ್ನು ಎಲ್ಲರಿಗೂ ಹಂಚಿದರು. ಸಂಘದ ಕಾರ್ಯದರ್ಶಿ ರಾವ್ ಒಂದು ಹೋಳು ಬಾಯಿಗಿಟ್ಟು ಮುಖ ಸಿಂಡರಿಸಿದರು.

“ಪುಲ್ಲಗಾ ಉಂದಮ್ಮಾ.” ಹುಳಿಯಾಗಿದೆ ಎಂಬುದು ಅವರ ದೂರು.

“ಹುಳಿ ಇದ್ರ ಇರವಲ್ದ್ಯಾಕ. ಹಣ್ಣು ಹೌದೋ ಅಲ್ಲೋ, ಅದನ್ನ ಮಿನಿಟ್ಸ್‌ನ್ಯಾಗ ಬರೀರಿ.” ಅದನ್ನೇ ತೆಲುಗಿನಲ್ಲೂ ಹೇಳಿ, ರಾವ್ ಬರೆಯುವವರೆಗೆ ಅವರ ಕುರ್ಚಿಯ ಪಕ್ಕದಲ್ಲೇ ನಿಂತರು. ರಾವ್ ಬರೆದರು. ಮರ ಕಡಿಯುವ ಅರ್ಜಿಯನ್ನು ಸಂಘ ವಾಪಸ್ ಪಡೆಯಿತು.

ನಾನು ನೋಟ್‌ಬುಕ್ ತೆಗೆದೆ. ಮೂರು ಕಸಿ ಟೊಂಗೆ, ಒಂಬತ್ತು ಹಣ್ಣು ಎಂದು ಗುರುತು ಹಾಕಿ ಮುಚ್ಚುವಷ್ಟರಲ್ಲಿ ಇಂದಿರಾಬಾಯಿ ಮರದತ್ತ ಕೈ ತೋರಿದರು.

“ಉಳದ ಟೊಂಗಿಗೆ ಒಂದೂ ಬಿಟ್ಟಿಲ್ಲ, ಅದನ್ನೂ ಬರೀರಿ. ಅರ್ಧಾ ಬರದ್ರ ಮತ್ತ ಆಫೀಸಿಗೆ ಬರತೀನಿ ನಾ.”

ಅದನ್ನೂ ಬರೆದೆ, ನಗರ ಪುಟದಲ್ಲಿ ಎರಡೂ ಅಚ್ಚಾದವು. ಆಮೇಲೆ ನಿವೃತ್ತಿಯ ದಿನದವರೆಗೂ ನಾನು ಹೋಗಿ ನೋಡದ ಮರದ ಬಗ್ಗೆ ‘ಇಲ್ಲ’ ಎಂಬ ಮಾತನ್ನು ಅಚ್ಚಿಗೆ ಕಳಿಸಲಿಲ್ಲ.