ಬಾಜೂ ಮನೆಯ ನೀರು

ಅಕ್ಕನ ನಾಲಗೆಗೆ ಏನೂ ಆಗಿಲ್ಲ ಎಂಬ ಒಂದೇ ಮಾತನ್ನು ನಾನು ಎರಡು ವರ್ಷ ಹೇಳಲಿಲ್ಲ. ಹೇಳಿದರೆ ನನ್ನ ಕಳ್ಳಾಟ ಹೊರಬೀಳುತ್ತಿತ್ತು.

ಅಕ್ಕ ರಾಯಬಾಗದಲ್ಲಿ ಪ್ಲಾಟು ತೋರಿಸುವ ಏಜೆಂಟ್. ಬೈಕ್ ಓಡಿಸುವವನು ನಾನು. ಏಳನೆಯ ತರಗತಿಗೇ ಶಾಲೆ ಬಿಟ್ಟವನಿಗೆ ಅದೇ ದೊಡ್ಡ ಹುದ್ದೆ. ನಮ್ಮ ಕಡೆ ಹೊಳೆಸಾಲಿನ ನೆಲ ಎಷ್ಟೋ ಕಡೆ ಸವಳು. ಬೋರ್ ಹೊಡೆಸಿದರೆ ಉಪ್ಪುನೀರು. ಹಾಗಾಗಿ ಅಕ್ಕನದೊಂದು ಪದ್ಧತಿ. ಗಿರಾಕಿಯನ್ನು ಪ್ಲಾಟಿಗೆ ಕರೆದೊಯ್ದವಳೇ ಪಕ್ಕದ ಮನೆಯಲ್ಲಿ ನೀರು ಕೇಳುವಳು. ಮೊದಲು ತಾನು ಕುಡಿದು, ಆಮೇಲೆ ತಂಬಿಗೆಯನ್ನು ಗಿರಾಕಿಗೆ ಕೊಡುವಳು.

"ಏಜೆಂಟರ ಮಾತ ನಂಬಬ್ಯಾಡ್ರಿ. ಬಾಜೂ ಮನಿ ನೀರಿಗೆ ಕಮಿಷನ್ ಇಲ್ಲ, ಅದು ಖರೇ ಹೇಳತೈತಿ."

ನೀರು ಸವಳಾಗಿದ್ದರೆ "ಇದು ಬ್ಯಾಡ್ರಿ" ಎಂದು ತಾನೇ ತಿರುಗಿಸಿಕೊಂಡು ಬರುವಳು. ಚಿಕ್ಕೋಡಿಯಿಂದಲೂ ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಒಮ್ಮೆ ದಿಗ್ಗೇವಾಡಿ ರಸ್ತೆಗೆ ಒಂದು ಪ್ಲಾಟು ಹುಡುಕಿದೆ. ನಾನೇ ಹುಡುಕಿದ್ದು! ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದ ಮನೆಯ ಮುದುಕಿ ಆಯಿಯ ನೀರು ಕುಡಿದೆ, ಮುಖ ಕಿವುಚಿತು. ಆದರೂ ಬಿಡಲು ಮನಸ್ಸಾಗಲಿಲ್ಲ. ಗಿರಾಕಿ ಬರುವ ದಿನ ಬೆಳಿಗ್ಗೆ ನಮ್ಮ ಮನೆಯ ಸಿಹಿನೀರನ್ನು ನೀಲಿ ಕ್ಯಾನಿಗೆ ತುಂಬಿ, ಬೈಕಿಗೆ ಕಟ್ಟಿ, ಅಕ್ಕನಿಗೆ ಹೇಳದೆ ಹೋದೆ.

"ಆಯಿ, ನಿಮ್ಮ ನೀರಿನ ಹರವಿ ತೊಳದ ತುಂಬಿ ಕೊಡ್ತೀನ್ರಿ."

ಆಯಿ ನನ್ನ ಗುಣಕ್ಕೆ ಮೆಚ್ಚಿ ಬೆಲ್ಲ ಕೊಟ್ಟಳು.

ಮಧ್ಯಾಹ್ನ ಬಸ್ ಕಂಡಕ್ಟರ್ ಒಬ್ಬರು ಹೆಂಡತಿಯೊಡನೆ ಬಂದರು. ಅಕ್ಕ ನೀರು ಕುಡಿದು ಕಣ್ಣರಳಿಸಿದಳು. "ಅಬಾಬಾ, ಸಕ್ಕರಿ ಆಗೇತ್ರಿ!" ಅವರೂ ಕುಡಿದರು. ಆಯಿಯೂ ಒಂದು ಗುಟುಕು ಹಾಕಿ, "ಅಯ್ಯ, ನನ್ನ ಹರವಿ ನೀರ ಇವತ್ತ ಹಿಂಗ್ಯಾಕ..." ಎನ್ನುವಷ್ಟರಲ್ಲಿ ನಾನು ಎಷ್ಟು ಜೋರಾಗಿ ಕೆಮ್ಮಿದೆನೆಂದರೆ, ಉಳಿದ ನೀರನ್ನೆಲ್ಲ ನನಗೇ ಕುಡಿಸಿದರು. ಒಳಗೊಳಗೇ ನಗು ಉಕ್ಕುತ್ತಿತ್ತು.

ಪ್ಲಾಟು ಮಾರಿಹೋಯಿತು, ಮನೆಯೂ ಎದ್ದಿತು. ಒಂದು ದಿನ ಕಂಡಕ್ಟರ ಹೆಂಡತಿ ಬಂದು ಅಕ್ಕನೆದುರು ಡಬ್ಬಿ ತೆರೆದಳು.

"ನೋಡ್ರಿ ಅಕ್ಕಾರ, ಮುಂಜಾನಿಂದ ನಮ್ಮ ಬೋರಿನ ಸವಳ ನೀರಾಗ ಕುದಿಸೇನಿ. ಬ್ಯಾಳಿ ಬೇಯಾಕ ಹೂಂ ಅನವಲ್ದು. ಗುಂಡಿ ಮಾಡಿ ಅಂಗಿಗೆ ಹಚ್ಚಲೇನ?"

ನನಗೆ ನಗು ಬಂತು. ಅಕ್ಕ ನಗಲಿಲ್ಲ.

"ನನ್ನ ನಾಲಗಿನ ಸತ್ತೈತ್ರಿ. ನಾ ಸಕ್ಕರಿ ಅಂದಿದ್ದಕ್ಕ ನಿಮಗೂ ಹಂಗ ಅನಸಿರಬೇಕು," ಎಂದಳು.

ಅಂದಿನಿಂದ ಪ್ಲಾಟು ತೋರಿಸುವುದನ್ನೇ ಬಿಟ್ಟಳು. ಚಹಾ ಮಾಡಿದರೂ "ಸಕ್ಕರಿ ಬರೋಬರಿ ಐತೇನೋ ತಮ್ಮಾ?" ಎಂದು ನನ್ನನ್ನು ಕೇಳುವಳು. ನಾನು ಚಹಾ ನುಂಗುತ್ತಿದ್ದೆ, ಮಾತನ್ನೂ ನುಂಗುತ್ತಿದ್ದೆ. ತಪ್ಪು ತನ್ನದೇ ಎಂದುಕೊಂಡು, ಕಂಡಕ್ಟರ ಮನೆಗೆ ದಿನಾ ಸಿಹಿನೀರು ಮುಟ್ಟಿಸಲು ನನಗೆ ಅಪ್ಪಣೆ ಮಾಡಿದಳು. ಅದೇ ನೀಲಿ ಕ್ಯಾನು! ದಾರಿಯುದ್ದಕ್ಕೂ ನನ್ನ ಬೆನ್ನ ಹಿಂದೆ ಕುಲುಕುಲು ನಗುತ್ತಿತ್ತು.

ಎರಡು ವರ್ಷವಾದ ಮೇಲೆ ಕಂಡಕ್ಟರ ಹೆಂಡತಿ ತನ್ನ ತಂಗಿಯನ್ನು ನಮ್ಮ ಮನೆಗೆ ಕರೆತಂದಳು.

"ಇಕಿಗೊಂದ ಪ್ಲಾಟ ಬೇಕ್ರಿ, ನೀವ ತೋರಸ್ರಿ. ಮಾರಿದ ಮ್ಯಾಲೂ ನೀರ ಹೊತ್ತ ಹಾಕೋ ಏಜೆಂಟ್ ಎಲ್ಲಿ ಸಿಗತಾರ?"

"ಬ್ಯಾಡವ್ವಾ, ನನ್ನ ನಾಲಗಿ ನಂಬಬ್ಯಾಡ್ರಿ," ಎಂದಳು ಅಕ್ಕ.

ನಾನು ತುಂಬಿದ ಕ್ಯಾನು ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತಿದ್ದೆ. ಕೈ ಸಡಿಲಾಗಿ, ಮುಚ್ಚಳ ಕಳಚಿ ನೀರೆಲ್ಲ ನನ್ನ ತಲೆಯ ಮೇಲೇ ಸುರಿಯಿತು. ಮೂವರೂ ಬಿದ್ದು ಬಿದ್ದು ನಕ್ಕರು. ಅಕ್ಕ ಹಾಗೆ ನಕ್ಕದ್ದು ಎಷ್ಟೋ ದಿನಗಳ ಮೇಲೆ. ತೊಯ್ದು ತೊಪ್ಪೆಯಾದವನು ಅಲ್ಲೇ ಹೇಳಿಬಿಟ್ಟೆ:

"ಅಕ್ಕಾ, ನಿನ್ನ ನಾಲಗಿ ಬರೋಬರಿ ಐತಿ. ಅವತ್ತ ಆಯಿ ಹರವ್ಯಾಗ ನಮ್ಮನಿ ನೀರ ಹಾಕಿದಾಂವ ನಾನ. ತಪ್ಪಾತಬೇ, ಮಾಫ್ ಮಾಡ."