ಅವ್ವ ಮರವಾದ ಕಥೆ

ನಾನೂ ನನ್ನ ಗೆಳೆಯನೂ ಮೊರಬದವರು. ಇಬ್ಬರಿಗೂ ಕಥೆ ಬರೆಯುವ ಚಟ. ನನ್ನ ಕಥೆಯಲ್ಲಿ ಯಾವುದೂ ಸುಮ್ಮನೆ ಇರುತ್ತಿರಲಿಲ್ಲ. ಎರೆಹೊಲ ಬಿರಿದರೆ ಅದು ಸಂಸಾರದ ಬಿರುಕು, ಕಾಗೆ ಕೂತರೆ ಸಾವು. ಅವನ ಕಥೆಯಲ್ಲಿ ಕಾಗೆ ಬಂದರೆ ಒಣಗಲು ಹಾಕಿದ ಹಪ್ಪಳ ಕಚ್ಚಿಕೊಂಡು ಹೋಗುತ್ತಿತ್ತು, ಅಷ್ಟೇ.

ಅವನ ಒಂದು ಕಥೆ ಅವನ ಅವ್ವನದೇ. ಸಂತೆಗೆ ಹೊರಟವಳು, ಮೆಣಸಿನಕಾಯಿ ಚೀಲ ಹತ್ತಿಸಬೇಡ ಎಂದ ಬಸ್ ಕಂಡಕ್ಟರನನ್ನು ನವಲಗುಂದ ಮುಟ್ಟುವವರೆಗೂ ಬೈಯುತ್ತಾಳೆ. ತಾಲೂಕಿನ ಕಥಾಗೋಷ್ಠಿಯಲ್ಲಿ ಮೊಬೈಲ್ ನೋಡಿ ಅವನು ಅದನ್ನು ಓದಿದಾಗ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆದರೆ ಅಧ್ಯಕ್ಷರು ನಮ್ಮಿಬ್ಬರನ್ನೂ ತೂಗಿ ನೋಡಿ, ನನ್ನ ಕಥೆಯಲ್ಲಿ ಸಂಕೇತವಿದೆ, ಅವನದರಲ್ಲಿ ಬರೀ ಘಟನೆಯಿದೆ ಎಂದುಬಿಟ್ಟರು. ನಾನು ಉಬ್ಬಿಹೋದೆ. ಅವನು ಊರಿಗೆ ಮರಳುವ ಬಸ್ಸಿನಲ್ಲೇ ಮೊಬೈಲ್ ತೆಗೆದು ಆ ಕಥೆಯನ್ನು ತಿದ್ದತೊಡಗಿದ.

ಕೆಲವು ದಿನ ಬಿಟ್ಟು, ಕಥೆ ತಿದ್ದಿದ್ದೇನೆ, ಬಾ ಎಂದು ಮನೆಗೆ ಕರೆದ. ಪಡಸಾಲೆಯಲ್ಲಿ ಅವ್ವನೂ ಶೇಂಗಾ ಸುಲಿಯುತ್ತ ಕೇಳಲು ಕೂತಳು. ಓದಿ ಮುಗಿಯುವಷ್ಟರಲ್ಲಿ ಅವಳ ಕೈ ನಿಂತಿತ್ತು.

“ಇದರಾಗ ನಾ ಎಲ್ಲಿ ಬಂದ್ನೋ ತಮ್ಮಾ?”

“ಬಸ್ ಸ್ಟ್ಯಾಂಡ್ ಬಾಜೂಕ ಆಲದ ಮರ ಬರತೈತೆಲ್ಲ ಬೇ, ಅದ ನೀನು.”

“ಮರಕ್ಕ ಬಾಯಿ ಎಲ್ಲಿ ಐತಿ? ನಾ ಬೈದದ್ದೆಲ್ಲಾ ಎಲ್ಲಿ ಹೋತು?”

ನಾವಿಬ್ಬರೂ ನಕ್ಕೆವು. ಅವಳು ನಗಲಿಲ್ಲ. “ಅಗದಿ ಚಲೋ ಆಗೇತಿ ಬಿಡಲೇ” ಎಂದು ನಾನು ಅವನ ಬೆನ್ನು ತಟ್ಟಿದೆ. ಆ ಮಾತು ಯಾಕಾದರೂ ಆಡಿದೆನೋ ಎಂದು ಈಗ ಹಳಹಳಿಯಾಗುತ್ತದೆ. ಸಂಕೇತದ ಹುಚ್ಚು ನನಗಿದ್ದರೆ ನನಗಿರಲಿ, ಅವನಿಗೇಕೆ ಅಂಟಿಸಬೇಕಿತ್ತು?

ಹೋದ ವರ್ಷ ಆ ಅವ್ವ ತೀರಿಕೊಂಡಳು. ಬಂಧುಬಳಗವೆಲ್ಲ ತಮ್ಮ ತಮ್ಮ ಊರಿಗೆ ಮರಳಿದ ಮೇಲೆ ಗೆಳೆಯ ನಮ್ಮ ಮನೆಗೆ ಬಂದು ಮೊಬೈಲನ್ನು ನನ್ನ ಮುಂದಿಟ್ಟ. ಹಳೆಯ ಕಥೆ ಅದರಲ್ಲಿರಲಿಲ್ಲ. ಅದನ್ನೇ ಅಳಿಸಿ ಅಳಿಸಿ ತಿದ್ದಿದ್ದ, ಬೇರೆ ಪ್ರತಿ ಇಟ್ಟುಕೊಂಡಿರಲಿಲ್ಲ.

“ಅವ್ವನ ದನಿ ಕಿವ್ಯಾಗ ಐತಿ, ಮಾತು ನೆನಪಾಗವಲ್ಲವು. ಕಂಡಕ್ಟರಗ ಏನೇನು ಬೈದಿದ್ಲು, ಹೇಳಲೇ. ನೀನೂ ಕೇಳಿದ್ದೆಲ್ಲ?”

ಕೇಳಿದ್ದೆ, ಸುಳ್ಳಲ್ಲ. ಆದರೆ ಅವತ್ತು ಗೋಷ್ಠಿಯಲ್ಲಿ ಜನರೆಲ್ಲ ನಗುತ್ತಿದ್ದಾಗ ಇದರಲ್ಲಿ ಸಂಕೇತ ಎಲ್ಲಿದೆ ಎಂದು ನಾನು ಹುಡುಕುತ್ತ ಕೂತಿದ್ದೆ. ಗೆಳೆಯ ನನ್ನ ಬಾಯನ್ನೇ ನೋಡುತ್ತಿದ್ದ. ಅವನ ಅವ್ವನ ಒಂದೇ ಒಂದು ಬೈಗುಳವೂ ನನಗೆ ನೆನಪಾಗಲಿಲ್ಲ.